ಫ್ರೀಬಿಎಸ್‌ಡಿಯಲ್ಲಿ ಬಹು ಪ್ರೊಸೆಸರ್ ಬೆಂಬಲ

ಫ್ರೀಬಿಎಸ್‌ಡಿ ಬರ್ಕ್ಲಿ ಯುನಿಕ್ಸ್ ಪರಂಪರೆಯಿಂದ 1993ರಲ್ಲಿ ರೂಪುಗೊಂಡ ಮುಕ್ತ ಆಕರದ ಕಾರ್ಯಾಚರಣಾ ವ್ಯವಸ್ಥೆ. ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳಿರುವ ಯಂತ್ರಗಳಿಗೆ ಅದರ ಬೆಂಬಲ 1998ರ ಅಕ್ಟೋಬರಿನಲ್ಲಿ 3.0 ಆವೃತ್ತಿಯೊಂದಿಗೆ ಬಂತು. ಆ ಪ್ರೊಸೆಸರುಗಳನ್ನು ತಕ್ಕಮಟ್ಟಿಗೆ ದುಡಿಸಿಕೊಳ್ಳಲು ಮತ್ತೆ ಸುಮಾರು ಹತ್ತು ವರ್ಷ ಹಿಡಿಯಿತು.

ತೊಡಕು ವ್ಯವಸ್ಥೆಯ ತಿರುಳಾದ ಕರ್ನಲ್‌ನ ಬುನಾದಿಯಲ್ಲೇ ಇತ್ತು. ಹಳೆಯ ಯುನಿಕ್ಸ್ ಕರ್ನಲ್ ಒಂದೇ ಪ್ರೊಸೆಸರ್ ಇದೆಯೆಂದು ನಂಬಿ ಬರೆದದ್ದು. ಸೂಕ್ಷ್ಮ ಕೆಲಸದ ನಡುವೆ ಇಂಟರಪ್ಟ್ ಬಾರದಂತೆ ತಡೆದರೆ ಅಲ್ಲಿ ದತ್ತಾಂಶ ಕ್ಷೇಮ. ಆದರೆ ಈ ತಡೆ ಪಕ್ಕದ ಪ್ರೊಸೆಸರಿಗೆ ತಟ್ಟುವುದಿಲ್ಲ. ಹಾಗಾಗಿ 3.0ರಲ್ಲಿ ಇಡೀ ಕರ್ನಲ್‌ಗೆ ಒಂದೇ ಬೀಗ ಹಾಕಲಾಯಿತು. ಮುಂದೆ ಅದಕ್ಕೆ 'ಜೈಂಟ್' ಎಂಬ ಹೆಸರು ನಿಂತಿತು. ಮನೆಗೆಲ್ಲ ಒಂದೇ ಕೀಲಿಕೈ ಇದ್ದಂತೆ: ಒಬ್ಬರು ಒಳಗಿದ್ದರೆ ಉಳಿದವರು ಹೊಸಿಲಾಚೆ. ಲೆಕ್ಕಾಚಾರದಲ್ಲೇ ಮುಳುಗಿರುವ ಪ್ರೋಗ್ರಾಮುಗಳಿಗೆ ಇದರಿಂದ ಅಡ್ಡಿಯಿರಲಿಲ್ಲ. ಪದೇ ಪದೇ ಕರ್ನಲ್ ಹೊಕ್ಕು ಬರುವ ವೆಬ್ ಸರ್ವರುಗಳಿಗೆ ಮಾತ್ರ ಎರಡನೆಯ ಪ್ರೊಸೆಸರ್ ಇದ್ದೂ ಇಲ್ಲದಂತೆ.

2000ನೇ ಇಸವಿಯಲ್ಲಿ ಫ್ರೀಬಿಎಸ್‌ಡಿಯ ಪೋಷಕ ಸಂಸ್ಥೆ ವಾಲ್ನಟ್ ಕ್ರೀಕ್ ಸಿಡಿರಾಮ್, ಬಿಎಸ್‌ಡಿಐ ಕಂಪನಿಯ ಜೊತೆ ವಿಲೀನವಾಯಿತು. ಬಿಎಸ್‌ಡಿಐ ತನ್ನ ಬಿಎಸ್‌ಡಿ/ಓಎಸ್‌ಗಾಗಿ ಸಿದ್ಧಪಡಿಸುತ್ತಿದ್ದ ಬಹುಬೀಗದ ಕೋಡ್ ಹೀಗೆ ಕೈಗೆಟುಕಿತು. ಅದೇ ಜೂನಿನಲ್ಲಿ ಯಾಹೂ ಆವರಣದಲ್ಲಿ ಸೇರಿದ ಡೆವಲಪರುಗಳು 'ಎಸ್‌ಎಂಪಿಎನ್‌ಜಿ' ಯೋಜನೆಗೆ ಕೈಹಾಕಿದರು. ಇಂಟರಪ್ಟ್ ನಿರ್ವಾಹಕಗಳು ಕರ್ನಲ್ ಥ್ರೆಡ್ಡುಗಳಾದವು. ಇದರಿಂದ ಬೀಗ ಬಿಡುಗಡೆಯಾಗುವವರೆಗೆ ಅವು ಮಲಗಿ ಕಾಯುವುದು ಸಾಧ್ಯವಾಯಿತು. ಆಮೇಲೆ ಒಂದೊಂದೇ ಉಪವ್ಯವಸ್ಥೆಗೆ ಅದರದೇ ಸಣ್ಣ ಬೀಗ ಕೊಟ್ಟು ಜೈಂಟ್‌ನ ಹಿಡಿತ ಸಡಿಲಿಸುವ ಕೆಲಸ. ಇಬ್ಬರು ಪರಸ್ಪರರ ಬೀಗಕ್ಕಾಗಿ ಕಾದು ಕೂರುವ ಅಪಾಯವನ್ನು ಮೊದಲೇ ಗುರುತಿಸಲು, ಬೀಗ ಹಿಡಿಯುವ ಕ್ರಮವನ್ನು ಪರೀಕ್ಷಿಸುವ 'ವಿಟ್ನೆಸ್' ಸಾಧನ ಬಂತು. ಈ ಯೋಜನೆ ದಡ ಮುಟ್ಟಿದ್ದರಲ್ಲಿ ಅದರ ಪಾಲು ದೊಡ್ಡದು.

ಕೆಲಸ ಅಂದುಕೊಂಡಂತೆ ಮುಗಿಯಲಿಲ್ಲ. 2003ರ ಜನವರಿಯಲ್ಲಿ 5.0 ಹೊರಬಂದಾಗ, ಎಚ್ಚರದಿಂದಿರಬೇಕಾದವರು 4.x ಸರಣಿಯಲ್ಲೇ ಇರುವುದು ಒಳಿತೆಂದು ಯೋಜನೆಯೇ ಸಲಹೆ ಕೊಟ್ಟಿತು. ಅಷ್ಟು ನೇರವಾಗಿ ಒಪ್ಪಿಕೊಂಡದ್ದು ಮೆಚ್ಚಬೇಕಾದ್ದೇ. ಬೀಗ ಹಾಕಿ ತೆಗೆಯುವುದಕ್ಕೂ ಸಮಯ ತಗಲುವುದರಿಂದ, ಒಂಟಿ ಪ್ರೊಸೆಸರ್ ಯಂತ್ರದವರಿಗೆ ಹೊಸ ಕರ್ನಲ್ ನಿಧಾನವೆನಿಸಿತು. ಬೀಗಗಳ ಈ ದಾರಿಯೇ ತಪ್ಪೆಂದ ಮ್ಯಾಥ್ಯೂ ಡಿಲನ್ ಅದೇ ವರ್ಷ 4.x ಕೋಡ್ ಹಿಡಿದು ಡ್ರ್ಯಾಗನ್‌ಫ್ಲೈ ಬಿಎಸ್‌ಡಿ ಎಂಬ ಬೇರೆ ಕವಲು ಕಟ್ಟಿದರು.

2004ರ ನವೆಂಬರಿನ 5.3ರಲ್ಲಿ ನೆಟ್‌ವರ್ಕ್ ಭಾಗದ ಬಹುಪಾಲು ಜೈಂಟ್‌ನಿಂದ ಬಿಡಿಸಿಕೊಂಡಿತು. ಫೈಲ್ ವ್ಯವಸ್ಥೆಯ ಸರದಿ 6.0ರದು. ನಿಜವಾದ ಫಲ ಕಂಡದ್ದು 2008ರ ಫೆಬ್ರವರಿಯ 7.0ರಲ್ಲಿ. ಪ್ರತಿ ಥ್ರೆಡ್‌ಗೂ ಕರ್ನಲ್‌ನಲ್ಲಿ ಒಂದು ಜೋಡಿಯಿರುವ ಸರಳ ಗ್ರಂಥಾಲಯ, ಅದುವರೆಗಿನ ಜಟಿಲ ವ್ಯವಸ್ಥೆಯ ಜಾಗಕ್ಕೆ ಬಂತು. ಜೇಸನ್ ಇವಾನ್ಸ್ ಬರೆದ 'ಜೆಮ್ಯಾಲಕ್' ನೆನಪು ಹಂಚಿಕೆಯಲ್ಲಿನ ನೂಕುನುಗ್ಗಲು ತಗ್ಗಿಸಿತು. ಕೆಲವು ಪರೀಕ್ಷೆಗಳಲ್ಲಿ 6.x ಸರಣಿಗಿಂತ ಶೇ. 350ರವರೆಗೆ ಹೆಚ್ಚು ವೇಗ ದೊರೆತಿದೆಯೆಂದು ಬಿಡುಗಡೆಯ ಪ್ರಕಟಣೆ ಹೇಳಿಕೊಂಡಿತು. ಜೆಫ್ ರಾಬರ್ಸನ್ ಅವರ 'ಯುಎಲ್‌ಇ' ಶೆಡ್ಯೂಲರ್ 2009ರ ಜನವರಿಯ 7.1ರಲ್ಲಿ ಪಿಸಿ ಯಂತ್ರಗಳಿಗೆ ಪೂರ್ವನಿಯೋಜಿತವಾಯಿತು.

ಲಿನಕ್ಸ್ 1996ರ 2.0 ಆವೃತ್ತಿಯಲ್ಲಿ ಹಾಕಿಕೊಂಡಿದ್ದ ಇಂಥದೇ ಬೀಗವನ್ನು 2011ರಲ್ಲಿ 2.6.39ರೊಂದಿಗೆ ಪೂರ್ತಿ ತೆಗೆದುಹಾಕಿತು. ಜೈಂಟ್ ಮಾತ್ರ ಅದಾದ ಮೇಲೂ ಫ್ರೀಬಿಎಸ್‌ಡಿಯ ಕೆಲವು ಹಳೆಯ ಡ್ರೈವರುಗಳಲ್ಲಿ ಉಳಿದುಕೊಂಡಿತ್ತು.