ಮಕ್ಕಳ ಕಣ್ಣಿಗೆ ಬೇಕಾದ ಬೆಳಕು

ಮೈನಸ್ ಮೂರು ಪವರಿನ ಮಗು ಕನ್ನಡಕ ತೆಗೆದಿಟ್ಟರೆ ಒಂದಡಿಯಾಚೆಗಿನದೆಲ್ಲ ಮಬ್ಬು. ಕೈಯಲ್ಲಿರುವ ಪುಸ್ತಕದ ಅಕ್ಷರ ಕಾಣುತ್ತದೆ, ಎದುರು ನಿಂತ ಅಮ್ಮನ ಮುಖ ಕಲಸಿಹೋಗುತ್ತದೆ. ಕಣ್ಣುಗುಡ್ಡೆ ಹಿಂದಕ್ಕೆ ಸುಮಾರು ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಇಷ್ಟಾಗುತ್ತದೆ; ಬೆಳಕು ಅಕ್ಷಿಪಟಲ ತಲುಪುವ ಮೊದಲೇ ಒಂದೆಡೆ ಸೇರಿಬಿಡುತ್ತದೆ. ಇದೇ ಸಮೀಪದೃಷ್ಟಿ. ಹೀಗೆ ಉದ್ದವಾದ ಕಣ್ಣನ್ನು ಮತ್ತೆ ಗಿಡ್ಡ ಮಾಡುವ ಮದ್ದಿಲ್ಲ. ಪವರ್ ತೀರಾ ಏರಿದವರಿಗೆ ಮುಂದೆ ಅಕ್ಷಿಪಟಲ ಕಳಚುವ ಅಪಾಯವೂ ಹೆಚ್ಚು. ಹಿಂದಿನ ಬೆಂಚಿನಿಂದ ಹಲಗೆ ಕಾಣದೆ ಪಕ್ಕದವನ ನೋಟ್ಸ್ ನೋಡಿ ಬರೆದುಕೊಂಡ ನನ್ನಂಥವರಿಗೆ, ಈ ಕಣ್ಣು ಯಾಕೆ ಉದ್ದವಾಯಿತು ಎಂಬುದು ಬರೀ ವೈದ್ಯರ ಪ್ರಶ್ನೆಯಲ್ಲ.

ಈ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಅಂಕಿಯಲ್ಲಿ ಹಿಡಿದವನು ಹರ್ಮನ್ ಕೋನ್. ಬ್ರೆಸ್ಲೌ ನಗರದ (ಇಂದಿನ ಪೋಲೆಂಡಿನ ವ್ರೊತ್ಸ್‌ವಾಫ್) ಈ ನೇತ್ರತಜ್ಞ 10,060 ಶಾಲಾ ಮಕ್ಕಳ ಕಣ್ಣು ಪರೀಕ್ಷಿಸಿ 1867ರಲ್ಲಿ ವರದಿ ಪ್ರಕಟಿಸಿದ. ಹಳ್ಳಿ ಶಾಲೆಗಳಲ್ಲಿ ಸಮೀಪದೃಷ್ಟಿ ನೂರಕ್ಕೆ ಒಬ್ಬಿಬ್ಬರಲ್ಲಿ ಮಾತ್ರ. ಓದಿನ ಹೊರೆ ಹೆಚ್ಚಿದ್ದ ಜಿಮ್ನಾಸಿಯಂ ಶಾಲೆಗಳಲ್ಲಿ ನಾಲ್ಕನೇ ಒಂದು ಭಾಗಕ್ಕೂ ಮಿಗಿಲು. ತರಗತಿ ಏರಿದಂತೆ ದೋಷವೂ ಏರುತ್ತಿತ್ತು. ತಪ್ಪು ಪುಸ್ತಕದ ತಲೆಗೆ ಬಂತು. ಡೆಸ್ಕಿನ ಎತ್ತರ, ಅಕ್ಷರದ ಗಾತ್ರ, ಕಿಟಕಿಯ ಅಗಲ ಎಲ್ಲವೂ ಚರ್ಚೆಗೆ ಬಂದವು. ಕಿಟಕಿ ದೊಡ್ಡದಿರಲಿ ಎಂದಾಗ ಕೋನ್ ಸತ್ಯದ ತೀರಾ ಹತ್ತಿರ ಬಂದಿದ್ದ ಎಂದು ನನಗನಿಸುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಗಾಳಿ ತಿರುಗಿತು. ಎಲ್ಲವೂ ಅಪ್ಪ ಅಮ್ಮನಿಂದ ಬಂದದ್ದು ಎಂಬ ವಾದ ದಶಕಗಳ ಕಾಲ ಮೇಲುಗೈ ಪಡೆಯಿತು. ವಂಶವಾಹಿಗೆ ಪಾತ್ರವಿದೆ, ನಿಜ. ಆದರೆ 1960ರ ದಶಕದ ಕೊನೆಗೆ ಅಲಾಸ್ಕಾದಿಂದ ಬಂದ ಲೆಕ್ಕ ಆ ವಾದವನ್ನು ಅಲ್ಲಾಡಿಸಿತು: ಇನ್ಯುಯಿಟ್ ಸಮುದಾಯದ ಹಿರಿಯರಲ್ಲಿ 131 ಜನರ ಪೈಕಿ ಇಬ್ಬರಿಗಷ್ಟೇ ಸಮೀಪದೃಷ್ಟಿ, ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ. ಒಂದೆರಡು ತಲೆಮಾರಿನಲ್ಲಿ ರಕ್ತ ಬದಲಾಗುವುದಿಲ್ಲ, ಬದುಕು ಬದಲಾಗುತ್ತದೆ.

ನಿಜವಾದ ತಿರುವು 2008ರದು. ಸಿಡ್ನಿ ಮತ್ತು ಸಿಂಗಪುರದ ಆರೇಳು ವರ್ಷದ ಚೀನೀ ಮೂಲದ ಮಕ್ಕಳನ್ನು ಕ್ಯಾಥರಿನ್ ರೋಸ್, ಇಯಾನ್ ಮಾರ್ಗನ್ ಮತ್ತು ಸಂಗಡಿಗರು ಹೋಲಿಸಿ ನೋಡಿದರು. ಎರಡೂ ಕಡೆ ಒಂದೇ ಮೂಲ, ತಂದೆತಾಯಂದಿರ ಸಮೀಪದೃಷ್ಟಿಯಲ್ಲೂ ಹೆಚ್ಚು ಅಂತರವಿರಲಿಲ್ಲ. ಆದರೂ ಸಿಂಗಪುರದಲ್ಲಿ ಶೇ. 29.1 ಮಕ್ಕಳಿಗೆ ದೋಷ, ಸಿಡ್ನಿಯಲ್ಲಿ ಶೇ. 3.3. ಹೆಚ್ಚು ಪುಸ್ತಕ ಓದುತ್ತಿದ್ದವರು ಸಿಡ್ನಿಯವರೇ! ಎದ್ದು ಕಂಡ ವ್ಯತ್ಯಾಸ ಒಂದೇ: ಸಿಡ್ನಿಯ ಮಕ್ಕಳು ವಾರಕ್ಕೆ ಹದಿಮೂರು ತಾಸಿಗೂ ಮಿಕ್ಕಿ ಬಯಲಲ್ಲಿರುತ್ತಿದ್ದರು, ಸಿಂಗಪುರದವರು ಮೂರು ತಾಸು.

ಬಯಲಲ್ಲಿ ಏನಿದೆ? ಬೆಳಕಿದೆ. ದೀಪ ಹಚ್ಚಿದ ತರಗತಿಯಲ್ಲಿ ಬೆಳಕಿನ ಅಳತೆ ಸಾಮಾನ್ಯವಾಗಿ 300ರಿಂದ 500 ಲಕ್ಸ್. ಹೊರಗೆ ಹೊಂಗೆ ಮರದ ನೆರಳಲ್ಲಿ ಕೂತರೂ ಹಲವು ಸಾವಿರ, ನಡುಹಗಲ ಬಿಸಿಲಲ್ಲಿ ಲಕ್ಷ. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಈ ಅಂತರ ಗೊತ್ತಾಗುವುದೇ ಇಲ್ಲ. ಅಕ್ಷಿಪಟಲಕ್ಕೆ ಗೊತ್ತಾಗುತ್ತದೆ: ಪ್ರಖರ ಬೆಳಕಿಗೆ ಅದು ಡೋಪಮೈನ್ ಸ್ರವಿಸುತ್ತದೆ, ಆ ಡೋಪಮೈನ್ ಕಣ್ಣಿನ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಕೋಳಿಮರಿಗಳಲ್ಲಿ ಡೋಪಮೈನಿನ ಕೆಲಸವನ್ನು ಔಷಧಿಯಿಂದ ತಡೆದಾಗ ಬೆಳಕಿನ ರಕ್ಷಣೆಯೂ ಇಲ್ಲವಾದದ್ದು 2010ರಲ್ಲಿ ಕಂಡುಬಂತು. ಮನುಷ್ಯರಲ್ಲೂ ಇದೇ ನಡೆಯುತ್ತದೆಂಬುದು ಇಂದಿನ ಪ್ರಬಲ ವಿವರಣೆ.

ಶಾಲೆಗಳಲ್ಲೂ ಪರೀಕ್ಷೆಯಾಯಿತು. ಚೀನಾದ ಗ್ವಾಂಗ್‌ಝೌ ನಗರದ ಆರು ಶಾಲೆಗಳಲ್ಲಿ ಒಂದನೇ ತರಗತಿಯವರನ್ನು ದಿನಾ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಅವರ ಪೈಕಿ ಶೇ. 30.4 ಮಕ್ಕಳಿಗೆ ಸಮೀಪದೃಷ್ಟಿ ಬಂತು, ಎಂದಿನಂತೆ ನಡೆದ ಬೇರೆ ಆರು ಶಾಲೆಗಳಲ್ಲಿ ಶೇ. 39.5. ತೈವಾನ್ 2010ರಿಂದಲೇ ದಿನಕ್ಕೆ 120 ನಿಮಿಷ ಹೊರಾಂಗಣ ಎಂಬ ಗುರಿ ಇಟ್ಟುಕೊಂಡು, ವರ್ಷಗಳಿಂದ ಏರುತ್ತಿದ್ದ ದೃಷ್ಟಿಮಾಂದ್ಯದ ಪ್ರಮಾಣವನ್ನು ಇಳಿಸಿತು. ಒಂದು ಮಾತು ಮರೆಯಬಾರದು: ಬಯಲು ತಡೆಯುವುದು ಮುಖ್ಯವಾಗಿ ದೋಷದ ಆರಂಭವನ್ನು. ಕನ್ನಡಕ ಬಂದ ಮೇಲೆ ಅದರ ಫಲ ಕಡಿಮೆ.

2015ರಲ್ಲಿ ಪ್ರಕಟವಾದ ದೆಹಲಿಯ ಸಮೀಕ್ಷೆಯಲ್ಲಿ ಶೇ. 13.1 ಶಾಲಾ ಮಕ್ಕಳಿಗೆ ಸಮೀಪದೃಷ್ಟಿಯಿತ್ತು, ಸರ್ಕಾರಿ ಶಾಲೆಗಳಿಗಿಂತ ಖಾಸಗಿ ಶಾಲೆಗಳಲ್ಲಿ ಹೆಚ್ಚು. ವಾರಕ್ಕೆ 14 ತಾಸು ಹೊರಗೆ ಆಡುವವರಲ್ಲಿ ಕಡಿಮೆ. ಪೂರ್ವ ಏಷ್ಯಾದ ದೊಡ್ಡ ನಗರಗಳ ಮುಂದೆ ನಮ್ಮದು ಇನ್ನೂ ಸಣ್ಣ ಸಂಖ್ಯೆ, ಅಂದರೆ ನಮಗೆ ಇನ್ನೂ ಸಮಯವಿದೆ. ಪರೀಕ್ಷೆ ಹತ್ತಿರ ಬಂತೆಂದು ಆಟದ ಪಿರಿಯಡ್ಡಿನಲ್ಲಿ ಗಣಿತ ಮಾಡಿಸುವ ಮೇಷ್ಟ್ರುಗಳಲ್ಲಿ, ಅದನ್ನು ಕೇಳಿ ಸಮಾಧಾನಪಡುವ ಪೋಷಕರಲ್ಲಿ ನನ್ನದೊಂದು ಬೇಡಿಕೆ: ದಯವಿಟ್ಟು ಆ ಪಿರಿಯಡ್ಡನ್ನು ಮಕ್ಕಳಿಗೆ ಬಿಟ್ಟುಕೊಡಿ.