ಹಳೆಯ ಮರದ ಕ್ಲಾರಿನೆಟ್: ವಯಸ್ಸಿಗಿಂತ ಶ್ರುತಿ ಮುಖ್ಯ

ಕ್ಲಾರಿನೆಟ್ ಒಂಟಿ ರೀಡ್‌ನ ಸುಷಿರ ವಾದ್ಯ. 18ನೇ ಶತಮಾನದ ಆರಂಭದಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಇದನ್ನು ರೂಪಿಸಿದನೆಂಬುದು ರೂಢಿಯ ಅಭಿಪ್ರಾಯ. ಮೊದಲ ವಾದ್ಯಗಳಿಗೆ ಎರಡೇ ಕೀಲಿಗಳಿದ್ದವು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ 'ಬೋಮ್ ಪದ್ಧತಿ'ಗೆ ಪ್ಯಾರಿಸ್‌ನ ವಾದಕ ಕ್ಲೋಸೆ ಹಾಗೂ ತಯಾರಕ ಬುಫೆ 1844ರಲ್ಲಿ ಪೇಟೆಂಟ್ ಪಡೆದರು.

ಮರ: ಆರಂಭದ ವಾದ್ಯಗಳಿಗೆ ಹಳದಿ ಛಾಯೆಯ ಬಾಕ್ಸ್‌ವುಡ್ ಬಳಸಲಾಗುತ್ತಿತ್ತು. ಅದು ತೇವಕ್ಕೆ ಸುಲಭವಾಗಿ ಬಾಗುತ್ತದೆ. ನಂತರ ಆ ಸ್ಥಾನವನ್ನು ಆಫ್ರಿಕಾದ ಗ್ರೆನಡಿಲಾ ಪಡೆಯಿತು. ನಮ್ಮ ಬೀಟೆಯ ಕುಲಕ್ಕೇ ಸೇರಿದ ಈ ಕಪ್ಪು ಮರ ನೀರಿನಲ್ಲಿ ಮುಳುಗುವಷ್ಟು ಸಾಂದ್ರ.

ಶ್ರುತಿ: 19ನೇ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್ನಿನ ಬ್ಯಾಂಡ್‌ಗಳು ಸುಮಾರು 452 ಹರ್ಟ್ಸ್‌ನ ಏರು ಶ್ರುತಿಯನ್ನು ಬಳಸುತ್ತಿದ್ದವು. 440 ಹರ್ಟ್ಸ್‌ಗೆ ಅಂತಾರಾಷ್ಟ್ರೀಯ ಒಪ್ಪಿಗೆ ದೊರೆತದ್ದು 1939ರಲ್ಲಿ. ಏರು ಶ್ರುತಿಯ ಅನೇಕ ವಾದ್ಯಗಳ ಮೇಲೆ 'ಎಚ್‌ಪಿ' ಎಂಬ ಮುದ್ರೆಯಿರುತ್ತದೆ. ಅವುಗಳ ಕೊಳವೆ ತುಸು ಗಿಡ್ಡ. ಕೀಲುಗಳನ್ನು ಹೊರಕ್ಕೆಳೆದು ಉದ್ದ ಹೆಚ್ಚಿಸಿದರೆ ಎಲ್ಲ ಸ್ವರಗಳೂ ಸಮನಾಗಿ ಇಳಿಯುವುದಿಲ್ಲ. ಹೀಗಾಗಿ ಇಂದಿನ ವಾದ್ಯಗಳೊಡನೆ ಅವುಗಳನ್ನು ನುಡಿಸುವುದು ಕಷ್ಟಸಾಧ್ಯ.

ಪರೀಕ್ಷೆ: ಸವೆದ ಪ್ಯಾಡ್, ಕಾರ್ಕ್, ಸ್ಪ್ರಿಂಗ್‌ಗಳನ್ನು ಬದಲಿಸಬಹುದು. ಮೇಲಿನ ಭಾಗದಲ್ಲಿ, ವಿಶೇಷವಾಗಿ ಸ್ವರರಂಧ್ರಗಳ ಬಳಿ ಬಿರುಕು ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಸಣ್ಣ ಬಿರುಕನ್ನು ನುರಿತ ಕುಶಲಕರ್ಮಿಗಳು ಸರಿಪಡಿಸಬಲ್ಲರು. ಬದಲಿಸಲಾಗದ್ದು ಶ್ರುತಿ. ಆದ್ದರಿಂದ ನುಡಿಸಲೆಂದು ಕೊಳ್ಳುವವರು ತಯಾರಕರ ಹೆಸರು, ಮರದ ಹೊಳಪುಗಳಿಗೆ ಮನಸೋಲುವ ಮುನ್ನ ವಾದ್ಯವನ್ನು ಶ್ರುತಿಮಾಪಕದೊಡನೆ ನುಡಿಸಿ ನೋಡುವುದು ಒಳಿತು.