ಬಳ್ಳಿಗಾವೆಯಲ್ಲಿ ಜೂನ್ ತಿಂಗಳ ಪಾಠ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಇವತ್ತು ಶಿರಾಳಕೊಪ್ಪದ ಪಕ್ಕದ ಒಂದು ಸಾಧಾರಣ ಹಳ್ಳಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ಶೈವ ಮಠಗಳು, ಜೈನ ಬಸದಿಗಳು, ವೈಷ್ಣವ ದೇಗುಲಗಳು ಇಲ್ಲಿದ್ದವು. 1065ರಲ್ಲಿ ಕಟ್ಟಿದ ಬೌದ್ಧ ವಿಹಾರವೂ ಇತ್ತು. ಬೇಲೂರಿನ ಶಿಲ್ಪಗಳ ಕೆಳಗೆ ತನ್ನ ಹೆಸರು ಕೆತ್ತಿದ ದಾಸೋಜ ಈ ಊರಿನವನು. ಅಲ್ಲಮಪ್ರಭು ಹುಟ್ಟಿದ್ದು ಇಲ್ಲೇ ಎಂಬುದು ನಾಡಿನ ನಂಬಿಕೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ.

ಇಷ್ಟೆಲ್ಲ ಇದ್ದರೂ ಈ ಊರಿನ ನಿಜವಾದ ಹೆಮ್ಮೆ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠ ಎಂದೇ ನಾನು ತಿಳಿದಿದ್ದೇನೆ. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂದು ಹೇಳುತ್ತದೆ. ನಾಲ್ಕು ವೇದಗಳು, ಪಾಣಿನೀಯ ಮತ್ತು ಶಾಕಟಾಯನ ವ್ಯಾಕರಣ, ನ್ಯಾಯ, ವೈಶೇಷಿಕ, ಸಾಂಖ್ಯ, ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕ ಎಲ್ಲವೂ ಅಲ್ಲಿ ಪಾಠ. ಕಾಳಾಮುಖ ಶೈವರ ಮಠದಲ್ಲಿ ಬೌದ್ಧ ದರ್ಶನವನ್ನೂ ಓದಿಸುತ್ತಿದ್ದರು ಎಂಬುದನ್ನು ನಿಂತು ಯೋಚಿಸಬೇಕು. ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ. ದೀನರು, ಕುರುಡರು, ಕಿವುಡರು, ಕುಂಟರಿಗೆ ಅಲ್ಲಿ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಔಷಧ ಸಿಗುತ್ತಿತ್ತು, ಹೆದರಿ ಬಂದವರಿಗೆ ಅಭಯ ಸಿಗುತ್ತಿತ್ತು. ಪಾಠಶಾಲೆ, ಅನ್ನಛತ್ರ, ಆಸ್ಪತ್ರೆ ಮೂರೂ ಒಂದೇ ಕಡೆ.

ಹತ್ತಿರದ ತಾಳಗುಂದದ ಕಥೆಯೂ ಓದಿನದೇ. ಮಯೂರಶರ್ಮ ಅಜ್ಜ ವೀರಶರ್ಮನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಕತ್ತಿ ಹಿಡಿದದ್ದು ಪ್ರಣವೇಶ್ವರ ದೇಗುಲದ ಎದುರಿನ ಕಂಬದ ಶಾಸನದಲ್ಲಿದೆ. ಕದಂಬ ರಾಜ್ಯ ಹುಟ್ಟಿದ್ದು ಹಾಗೆ.

ಇಂಥ ನೆಲದಲ್ಲಿ ಪ್ರತಿವರ್ಷ ಬೇಸಿಗೆ ರಜೆ ಮುಗಿದು, ಮಳೆ ಹಿಡಿಯುವ ಹೊತ್ತಿಗೆ ಸರ್ಕಾರಿ ಶಾಲೆಗಳು ಬಾಗಿಲು ತೆರೆಯುತ್ತವೆ. ಬಾಗಿಲಿಗೆ ಮಾವಿನ ತೋರಣ, ಮಕ್ಕಳಿಗೆ ಸಿಹಿ ಊಟ. ಆಮೇಲೆ ಹಿಂದಿನ ತರಗತಿಯ ಕಲಿಕೆಯನ್ನು ಹೊಸ ತರಗತಿಗೆ ಬೆಸೆಯುವ ಸೇತುಬಂಧ. ಈ ಮೊದಲ ವಾರಗಳೇ ಊರ ಚರಿತ್ರೆಗೆ ತಕ್ಕ ಕಾಲ. ಆಗ ಪಾಠ ಮುಗಿಸುವ ಅವಸರವಿರುವುದಿಲ್ಲ, ಪರೀಕ್ಷೆಯ ಭಯ ದೂರವಿರುತ್ತದೆ. ಮಕ್ಕಳಲ್ಲಿ ರಜೆಯ ಓಡಾಟದ ಹುಮ್ಮಸ್ಸು ಇನ್ನೂ ಇರುತ್ತದೆ.

ಆದರೆ ಮೇಷ್ಟ್ರು ಮುಂದೆ ನಿಂತು ರಾಜವಂಶಗಳ ಪಟ್ಟಿ ಒಪ್ಪಿಸುವುದಾದರೆ ದೇವಸ್ಥಾನದ ಅಂಗಳಕ್ಕೆ ಹೋಗಿಯೂ ಉಪಯೋಗವಿಲ್ಲ. ಏನು ನೋಡಬೇಕು, ಯಾರನ್ನು ಕೇಳಬೇಕು ಎಂಬುದನ್ನು ಮಕ್ಕಳೇ ತೀರ್ಮಾನಿಸಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ, ಮಗು ತನ್ನ ವೇಗದಲ್ಲಿ, ಜೊತೆಯವರೊಡನೆ ಕೂತು ಕಲಿಯಬಲ್ಲದು ಎಂದು ನಮ್ಮ ಸರ್ಕಾರಿ ಶಾಲೆಗಳಲ್ಲೇ ತೋರಿಸಿಕೊಟ್ಟಿದೆ. ಅಕ್ಷರಕ್ಕೆ ಒಪ್ಪಿದ ದಾರಿ ಚರಿತ್ರೆಗೂ ಒಪ್ಪುತ್ತದೆ.

ಬಳ್ಳಿಗಾವೆಯ ಗಂಡಭೇರುಂಡ ಸ್ತಂಭವನ್ನೇ ತೆಗೆದುಕೊಳ್ಳಿ. 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ, ಸುಮಾರು 30 ಅಡಿಯ ಕಂಬ. ಎತ್ತರ ಎಷ್ಟೆಂದು ಮಕ್ಕಳಿಗೆ ಹೇಳಿಬಿಡಬೇಡಿ. ಬಿಸಿಲು ಬಿದ್ದಾಗ ಒಂದು ಕೋಲು ನೆಟ್ಟು ಅದರ ನೆರಳು, ಕಂಬದ ನೆರಳು ಎರಡನ್ನೂ ಅಳೆಯಲಿ. ಏಳನೇ ತರಗತಿಯ ಹುಡುಗಿ ತ್ರೈರಾಶಿ ಹಾಕಿ ಎತ್ತರ ಕಂಡುಹಿಡಿದಾಗ ಲೆಕ್ಕವೂ ಚರಿತ್ರೆಯೂ ಒಟ್ಟಿಗೆ ಅವಳದಾಗುತ್ತವೆ. ವೀರಗಲ್ಲಿಗಂತೂ ಓದೇ ಬೇಡ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಮೂರನೇ ತರಗತಿಯ ಮಗುವೂ ಕೆಳಗಿನಿಂದ ಮೇಲಕ್ಕೆ ಕಥೆ ಹೇಳುತ್ತದೆ. ತ್ರಿಪುರಾಂತಕೇಶ್ವರ ಗುಡಿಯ ಪಂಚತಂತ್ರದ ಶಿಲ್ಪಗಳಲ್ಲಿ ಯಾವುದು ಯಾವ ಕಥೆ ಎಂದು ಹುಡುಕುವ ಕೆಲಸವನ್ನೂ ಅವರಿಗೇ ಬಿಡಬಹುದು.

ದೊಡ್ಡ ಮಕ್ಕಳು ಇನ್ನೊಂದು ಹೆಜ್ಜೆ ಮುಂದೆ ಹೋಗಲಿ. ನಾಟ್ಯರಾಣಿ ಶಾಂತಲೆ ನಮ್ಮೂರವಳೇ ಎಂದು ಅಜ್ಜಿ ಹೇಳುತ್ತಾಳೆ. ಅದು ಯಾವ ಕಲ್ಲಿನಲ್ಲಿದೆ? ಶಾಸನದ ಮಾತು ಒಂದು ಪುಟದಲ್ಲಿ, ಹಿರಿಯರ ಮಾತು ಎದುರಿನ ಪುಟದಲ್ಲಿ ಬರೆದಿಟ್ಟರೆ ಸಾಕು, ಆಧಾರ ಅಂದರೇನು, ಐತಿಹ್ಯ ಅಂದರೇನು ಎಂದು ಬೇರೆ ಪಾಠ ಮಾಡಬೇಕಾಗಿಲ್ಲ. ಅಜ್ಜಿಯ ಮಾತನ್ನು ಸುಳ್ಳೆಂದು ತಳ್ಳುವುದೂ ಬೇಡ. ಊರು ತನ್ನ ಬಗ್ಗೆ ಏನನ್ನು ನಂಬಿಕೊಂಡು ಬಂದಿದೆ ಎಂಬುದೂ ಚರಿತ್ರೆಯೇ. ಶಾಸನಗಳ ಪಾಠ ಬೇಕಾದರೆ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟದಲ್ಲಿವೆ.

ಒಂದು ಎಚ್ಚರ ಇರಲಿ. ಅಕ್ಷರ ಕಾಣಲೆಂದು ಶಾಸನಕ್ಕೆ ಸುಣ್ಣ, ಎಣ್ಣೆ, ಸೀಮೆಸುಣ್ಣ ಬಳಿಯಬಾರದು. ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರದ ಗೆರೆಗಳು ತಾವಾಗಿ ಎದ್ದು ಕಾಣುತ್ತವೆ. ನೋಡಿ ಬರೆದುಕೊಳ್ಳಲಿ, ಚಿತ್ರ ತೆಗೆಯಲಿ.

ಎಲ್ಲ ಊರೂ ಬಳ್ಳಿಗಾವೆಯಲ್ಲ, ನಿಜ. ಆದರೆ ಕೆರೆ, ಸಂತೆ, ಜಾತ್ರೆ ಇಲ್ಲವೇ ಹೊಲದ ಬದುವಿನಲ್ಲೊಂದು ವೀರಗಲ್ಲು ಇಲ್ಲದ ಊರು ಕರ್ನಾಟಕದಲ್ಲಿ ಅಪರೂಪ. ಶಿಕ್ಷಕರಲ್ಲಿ ಕೇಳುವುದಿಷ್ಟೇ: ಈ ಸಲ ಶಾಲೆ ತೆರೆದ ಮೊದಲ ವಾರ ಒಂದು ಬೆಳಗ್ಗೆ ಮಕ್ಕಳ ಕೈಗೆ ನೋಟ್‌ಬುಕ್ ಕೊಟ್ಟು ಹೊರಗೆ ಕರೆದುಕೊಂಡು ಹೋಗಿ. ಪ್ರಶ್ನೆ ಅವರೇ ಕೇಳಲಿ.